ಕಕ್ಕಡದ ಮಳೆ, ಬೂಷ್ಟು ಹಿಡಿದ ಕ್ಯಾಸೆಟ್ಟು, ನನ್ನ ಮೈಕಲ್

ಈ ಶಾಟಲ್ಲಿ ಕೇಳ್ತಿರೋ ಜೋರು ಶಬ್ದ ಮೈಕಿನ ಪ್ರಾಬ್ಲಮ್ ಅಲ್ಲ, ಶೀಟಿನ ಮೇಲೆ ಬೀಳ್ತಿರೋ ಮಳೆ. ಸುಂಟಿಕೊಪ್ಪದ ಹತ್ರ ನಮ್ಮನೇಲಿದೀನಿ, ಕಕ್ಕಡ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಕೊಡಗಿನ ಜೋರು ಮಳೆ ತಿಂಗಳು, ಶುರುವಾಗಿದೆ, ಬಟ್ಟೆ ಒಣಗಲ್ಲ, ಬೆಂಕಿಕಡ್ಡಿ ಹತ್ತಲ್ಲ, ಕರೆಂಟ್ ಅಂತೂ ಬಂದ್ರೆ ಬಂತು ಹೋದ್ರೆ ಹೋಯ್ತು. ಅಣ್ಣ ಅಟ್ಟದಿಂದ ಇಳಿಸ್ತಿದಾನಲ್ಲ ಆ ಟ್ರಂಕು, ಅದಕ್ಕೇ ನಾನು ಬೆಂಗಳೂರಿಂದ ಬಂದಿದ್ದು. ಒಳಗಡೆ ನನ್ನ ಮೈಕಲ್ ಜಾಕ್ಸನ್ ಕ್ಯಾಸೆಟ್‌ಗಳಿವೆ.

ನೋಡಿ, ಟೇಪಿನ ಅಂಚಲ್ಲಿ ಬಿಳಿ ಬಿಳಿ ಕಾಣ್ತಿದ್ಯಲ್ಲ, ಅದೇ ಬೂಷ್ಟು. ಕೊಡಗಲ್ಲಿ ಚಪ್ಪಲಿಗೆ ಬರುತ್ತೆ, ಬೆಲ್ಟಿಗೆ ಬರುತ್ತೆ, ಮದುವೆ ಆಲ್ಬಮ್ಮಿಗೂ ಬರುತ್ತೆ, ಕ್ಯಾಸೆಟ್‌ನ ಬಿಡುತ್ತಾ. ಹಂಗೇ ಹಾಕಿ ಪ್ಲೇ ಒತ್ತಿದ್ರೆ ಆ ಬೂಷ್ಟೆಲ್ಲ ಹೆಡ್ಡಿಗೆ, ಅಂದ್ರೆ ಟೇಪ್ ಓದೋ ಭಾಗಕ್ಕೆ, ಮೆತ್ಕೊಂಡು ಶಬ್ದ ಮಂಕಾಗುತ್ತೆ, ಮುಂದೆ ಹಾಕೋ ಕ್ಯಾಸೆಟ್‌ಗೂ ಅಂಟುತ್ತೆ. ಅದಕ್ಕೆ ಮೊದ್ಲು ಸ್ಕ್ರೂ ಬಿಚ್ಚಿ, ಟೇಪನ್ನ ಮೆತ್ತಗಿನ ಬಟ್ಟೆ ಮಧ್ಯೆ ಹಾಯಿಸ್ತಾ ಕೈಯಲ್ಲೇ ಸುತ್ತಬೇಕು. ಅರವತ್ತು ನಿಮಿಷದ ಕ್ಯಾಸೆಟ್ ಅಂದ್ರೆ ಹತ್ರ ಹತ್ರ 86 ಮೀಟರ್ ಟೇಪು, ಟೂ ಇನ್ ವನ್, ಅದೇ ರೇಡಿಯೋ ಟೇಪು ಎರಡೂ ಇರೋ ಸೆಟ್ಟು, ಅದನ್ನ ಸೆಕೆಂಡಿಗೆ 4.76 ಸೆಂಟಿಮೀಟರ್ ಲೆಕ್ಕದಲ್ಲಿ ಎಳೆಯುತ್ತೆ, ನನ್ನ ಕೈ ಎಷ್ಟು ಸ್ಪೀಡಲ್ಲಿ ಎಳೆಯುತ್ತೆ ಅಂತ ನೀವೇ ನೋಡ್ತಿದೀರ. ಇದನ್ನ ಫಾಸ್ಟ್ ಮಾಡಿ ಹಾಕ್ತೀನಿ.

ಸುತ್ತೋವರೆಗೆ ಹೇಳ್ತೀನಿ ಕೇಳಿ. ಅಪ್ಪ ಎಸ್ಟೇಟಲ್ಲಿ ರೈಟರಾಗಿದ್ರು, ಲೆಕ್ಕ ಬರೆಯೋ ಕೆಲಸ. ಮನೇಲಿ ಟಿವಿ ಇರ್ಲಿಲ್ಲ, ಮಡಿಕೇರಿ ಆಕಾಶವಾಣಿ ಇತ್ತು, ಆಮೇಲೆ ಈ ಟೂ ಇನ್ ವನ್ ಬಂತು. ಆಗ ಒರಿಜಿನಲ್ ಕ್ಯಾಸೆಟ್ ತಗೊಳ್ಳೋಷ್ಟು ದುಡ್ಡು ನಮ್ಮತ್ರ ಎಲ್ಲಿ, ಖಾಲಿ ಕ್ಯಾಸೆಟ್ ಕೊಟ್ಟು ಲಿಸ್ಟ್ ಬರೆದ್ರೆ ಅಂಗಡಿಯವರು ಹಾಡು ತುಂಬಿಸಿ ಕೊಡೋರು. ಅಣ್ಣ ಕುಶಾಲನಗರದಲ್ಲಿ ತುಂಬಿಸ್ಕೊಂಡು ಬಂದಿದ್ದು ಥ್ರಿಲ್ಲರ್, 1982ರ ಕೊನೇಲಿ ಬಂದ ಆಲ್ಬಮ್ಮು, ನಮ್ಮನೆಗೆ ಬರೋಷ್ಟರಲ್ಲಿ ಲೋಕ ಎಲ್ಲ ಕೇಳಿ ಮುಗಿಸಿತ್ತು. ಈಗ ಲೆಕ್ಕ ನೋಡಿ. ಆಲ್ಬಮ್ಮು ಒಟ್ಟು 42 ನಿಮಿಷ, ಒಂಬತ್ತು ಹಾಡು. ಕ್ಯಾಸೆಟ್ಟು ಒಂದು ಸೈಡಿಗೆ 30 ನಿಮಿಷ. ಮೊದಲನೇ ಹಾಡಿಂದ ಬಿಲ್ಲಿ ಜೀನ್ ತನಕ ಆರು ಹಾಡು ಸೇರಿದ್ರೆ ಇಪ್ಪತ್ತೊಂಬತ್ತು ಕಾಲು ನಿಮಿಷ ಆಗೋಗುತ್ತೆ. ಆಮೇಲೆ ಹ್ಯೂಮನ್ ನೇಚರ್. ಆ ಸಿಂಥಸೈಜರ್ ಕೀಬೋರ್ಡ್ ಮಿನುಗಿಕೊಂಡು ಶುರುವಾಗುತ್ತೆ, ಮೈಕಲ್ ಬಾಯಿ ತೆಗೀತಾನೆ, ಟಕ್. ಮುಗೀತು. ಟೇಪು ಖಾಲಿ. ಬಿ ಸೈಡಲ್ಲಿ ಅದನ್ನ ಮತ್ತೆ ಮೊದಲಿಂದ ಹಾಕಬಹುದಿತ್ತಲ್ಲ, ಹಾಕಿಲ್ಲ, ಮುಂದಿನ ಹಾಡಿಗೆ ಹೋಗ್ಬಿಟ್ಟಿದಾರೆ, ಅದಾದ್ಮೇಲೆ ಉಳಿದ ಜಾಗಕ್ಕೆ ಹಿಂದಿ ಸಿನಿಮಾ ಹಾಡು.

ಹಿಂಗಾಗಿ ನನ್ನ ಸ್ಕೂಲ್ ಜೀವನ ಪೂರ್ತಿ ನನಗೆ ಹ್ಯೂಮನ್ ನೇಚರ್ ಅಂದ್ರೆ ಆ ಚೂರು ಮಾತ್ರ. ಅದರ ಮುಂದೆ ಏನಿರಬಹುದು ಅಂತ ನಾನೇ ರಾಗ ಕಟ್ಕೊಂಡು ಹಾಡ್ತಿದ್ದೆ, ಕಾಫಿ ಕಣದಲ್ಲಿ ಚೆರ್ರಿ ಕೆದಕ್ತಾ ಹಾಡ್ತಿದ್ದೆ. ಕಾಲೇಜಿಗೆ ಮೈಸೂರಿಗೆ ಹೋದಾಗ ಹಾಸ್ಟೆಲಲ್ಲಿ ಒಬ್ಬಳ ವಾಕ್‌ಮನ್ನಲ್ಲಿ ಪೂರ್ತಿ ಕೇಳಿದೆ. ಅತ್ತುಬಿಟ್ಟೆ. ಅಷ್ಟು ಮೆತ್ತಗೆ ಹಾಡಿದಾನೆ ಅದನ್ನ, ಉಸಿರು ಎಲ್ಲಿ ತಗೊಂಡ ಅಂತಾನೂ ಕೇಳಿಸುತ್ತೆ. ಆ ಹಾಡು ಮಾಡಿದ್ದು ಟೋಟೋ ಬ್ಯಾಂಡಿನ ಸ್ಟೀವ್ ಪೋರ್ಕಾರೋ, ಸಾಹಿತ್ಯ ಜಾನ್ ಬೆಟಿಸ್, ಆದ್ರೆ ನನಗದು ಮೈಕಲ್ ಉಸಿರಿನ ಹಾಡು.

ನಾನು ಹೇಳ್ಬೇಕು ಅಂತಿರೋದು ಇದೇ. ಎಲ್ರೂ ಮೈಕಲ್ ಅಂದ್ ಕೂಡ್ಲೇ ಹ್ಯಾಟು, ಗ್ಲೌಸು, ಹಿಂದಕ್ಕೆ ಜಾರೋದು ಅಷ್ಟೇ ಹೇಳ್ತಾರೆ. ನಾನು ಅವನ ಡಾನ್ಸ್ ನೋಡೋ ಮುಂಚೆ ವರ್ಷಗಟ್ಲೆ ಬರೀ ಕೇಳಿದೀನಿ. ಅವನು ಫಸ್ಟು ಹಾಡುಗಾರ. ಬಾಯಲ್ಲೇ ಡ್ರಮ್ಸ್ ಬಾರಿಸ್ತಾನೆ, ಬಿಕ್ಕಳಿಕೆ ಥರ ಒಂದು ಸದ್ದು ಮಾಡಿ ತಾಳ ಹಿಡೀತಾನೆ, ಆ ಸದ್ದಲ್ಲೇ ಭುಜ ಕುಣಿಯೋದು ಕಾಣ್ಸುತ್ತೆ. ಡಾನ್ಸ್ ಅವನ ಕಂಠದೊಳಗಿಂದಾನೇ ಬರೋದು. ಇದನ್ನ ಯಾರಾದ್ರೂ ಒಪ್ಪದೇ ಇದ್ರೆ ಕಣ್ಣು ಮುಚ್ಚಿ ಬಿಲ್ಲಿ ಜೀನ್ ಕೇಳಿ.

ಬಿಲ್ಲಿ ಜೀನ್ ಅಂದ್ನಲ್ಲ, ಅದರ ಶುರುವಲ್ಲಿ ಬರೀ ಡ್ರಮ್ಸು ಬೇಸು ಓಡೋ ಉದ್ದನೆ ಜಾಗ ಇದ್ಯಲ್ಲ, ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸಿಗೆ ಅದು ಜಾಸ್ತಿ ಉದ್ದ ಅನಿಸಿ ಕಟ್ ಮಾಡೋಣ ಅಂದ್ರಂತೆ, ಮೈಕಲ್ ಬಿಡ್ಲಿಲ್ಲ, ಅದನ್ನ ಕೇಳಿದ್ರೆ ಕುಣೀಬೇಕು ಅನಿಸುತ್ತೆ ಅಂದ್ನಂತೆ. ಸೌಂಡ್ ಇಂಜಿನಿಯರ್ ಬ್ರೂಸ್ ಸ್ವೀಡಿಯನ್ ಆ ಒಂದು ಹಾಡನ್ನ 91 ಸಲ ಮಿಕ್ಸ್ ಮಾಡಿ, ಕೊನೆಗೆ ಎಲ್ರೂ ಕೂತು ಕೇಳಿ ಇಟ್ಕೊಂಡಿದ್ದು ಎರಡನೇ ಮಿಕ್ಸು ಅಂತ ಅವರೇ ಹೇಳ್ಕೊಂಡಿದಾರೆ. ಅಂಥಾ ಹಾಡು ನಮ್ಮನೇ ಟೂ ಇನ್ ವನ್ನಿನ ಒಂದೇ ಸ್ಪೀಕರಲ್ಲಿ ಬಂದ್ರೂ ನೆಲ ನಡುಗ್ತಿತ್ತು.

ಸರಿ, ಈಗ ಟೂ ಇನ್ ವನ್ ವಿಷಯ. ಇದು ನಿಮಗೆ ಹೇಳ್ಲೇಬೇಕು. ಕ್ಯಾಸೆಟ್ ಕ್ಲೀನ್ ಆಯ್ತು, ಹಾಕಿದ್ವಿ, ಮೋಟಾರ್ ಸದ್ದು ಬರುತ್ತೆ, ಟೇಪ್ ತಿರುಗಲ್ಲ. ಒಳಗಿನ ಬೆಲ್ಟ್ ಕರಗಿ ಟಾರಿನ ಥರ ಆಗಿದೆ. ಪೇಟೆಗೆ ತಗೊಂಡೋದ್ವಿ. ಯಾವ ಅಂಗಡಿ ಅಂತ ಹೇಳಲ್ಲ, ಯಾವ ಪೇಟೆ ಅಂತಾನೂ ಹೇಳಲ್ಲ. ಆ ಮನುಷ್ಯ ಮುಚ್ಚಳಾನೂ ತೆಗೀದೆ 1,400 ರೂಪಾಯಿ ಅಂದ. ರಬ್ಬರ್ ಬೆಲ್ಟಿಗೆ! ಯಾಕಣ್ಣ ಅಷ್ಟು ಅಂದ್ರೆ, ಪಾರ್ಟ್ ಸಿಗಲ್ಲ ಮೇಡಂ, ಬೆಂಗಳೂರಿಂದ ತರಿಸ್ಬೇಕು ಅಂತಾನೆ. ನಾನೇ ಬೆಂಗಳೂರಿಂದ ಬಂದಿದೀನಿ ಅಂದ್ರೆ, ಹಂಗಾದ್ರೆ ಒಂದು ತಿಂಗಳಾಗುತ್ತೆ ಅಂತಾನೆ, ಇದಕ್ಕೂ ಅದಕ್ಕೂ ಏನು ಸಂಬಂಧ ಹೇಳಿ. ಕೊನೆಗೆ ಅವನು ಅಂದಿದ್ದು ನನಗೆ ತಡ್ಕೊಳೋಕೆ ಆಗ್ಲಿಲ್ಲ, ಇದನ್ನ ಗುಜರಿಗೆ ಹಾಕಿ ಬ್ಲೂಟೂತ್ ಸ್ಪೀಕರ್ ತಗೊಳಿ ಮೇಡಂ, ಇದೇ ರೇಟಿಗೆ ಕೊಡ್ತೀನಿ ಅಂತ. ರಿಪೇರಿಯವನ ಹತ್ರ ಬಂದೋರಿಗೆ ರಿಪೇರಿ ಬೇಡ ಅನ್ನೋದಾದ್ರೆ ಬೋರ್ಡ್ ಯಾಕೆ ಹಾಕ್ಬೇಕು? ಅಪ್ಪ ಆ ಟೂ ಇನ್ ವನ್ ತಗೊಂಡಿದ್ದು ಬೋನಸ್ ದುಡ್ಡಲ್ಲಿ. ಅದನ್ನ ಗುಜರಿ ಅಂದ್ರೆ ನಂಗೆ ಕೋಪ ಬರುತ್ತೆ, ಈಗ ಹೇಳ್ತಾನೂ ಬರ್ತಿದೆ.

ಅಣ್ಣ ಏನ್ಮಾಡಿದ ಗೊತ್ತಾ, ಬೆಲ್ಟ್ ಓಡೋ ದಾರಿಗೆ ದಾರ ಸುತ್ತಿ ಅಳತೆ ತಗೊಂಡು, ಅದಕ್ಕಿಂತ ಚೂರು ಚಿಕ್ಕದು ನೋಡಿ ಆನ್‌ಲೈನಲ್ಲಿ ಬೇರೆ ಬೇರೆ ಸೈಜಿನ ಬೆಲ್ಟಿನ ಪ್ಯಾಕೆಟ್ ಆರ್ಡರ್ ಮಾಡಿದ. 220 ರೂಪಾಯಿ. ಒಂದು ಪ್ಯಾಕೆಟ್ಟಲ್ಲಿ ಇಡೀ ಸುಂಟಿಕೊಪ್ಪದ ಟೂ ಇನ್ ವನ್‌ಗಳಿಗೆ ಆಗೋಷ್ಟು ಬೆಲ್ಟು. ಇದೇ ಶಾಟು, ಹಳೇ ಬೆಲ್ಟಿನ ಕಪ್ಪು ಅಂಟನ್ನ ಸ್ಪಿರಿಟಲ್ಲಿ ಒರೆಸ್ತಿದಾನೆ, ಅವನ ಬೆರಳು ನೋಡಿ.

ಪಕ್ಕದಲ್ಲಿ ಪಾತ್ರೆ ಹಿಡ್ಕೊಂಡು ಬಂದಿದ್ದು ಅಮ್ಮ, ಮದ್ದುಸೊಪ್ಪಿನ ಪಾಯಸ. ಕಕ್ಕಡದಲ್ಲಿ ಇದನ್ನ ತಿನ್ನಲೇಬೇಕು, ಆ ನೇರಳೆ ಬಣ್ಣ ಸೊಪ್ಪಿನದ್ದೇ, ಯಾವ ಕಲರೂ ಹಾಕಿಲ್ಲ. ಮೇಲೆ ಜೇನು, ಕಾಯಿತುರಿ. ವಾಸನೆ ಮೊದಲನೇ ಸಲ ತಿನ್ನೋರಿಗೆ ಆಗಲ್ಲ, ಆದ್ರೆ ವರ್ಷಕ್ಕೊಂದ್ಸಲ ಇದಿಲ್ಲ ಅಂದ್ರೆ ನನಗೆ ಮಳೆಗಾಲ ಬಂದಂಗೇ ಅಲ್ಲ. ಸರಿ ಸರಿ, ಶಾಟ್ ಮುಗೀತಿದೆ.

ಈ ಕೆಂಪು ನೆಲ ನೋಡಿ, ರೆಡ್ ಆಕ್ಸೈಡು. ಇಲ್ಲೇ ನಾನು ಆ ಹಿಂದಕ್ಕೆ ಜಾರೋ ಮೂನ್‌ವಾಕ್ ಕಲ್ತಿದ್ದು. ಮಳೆಗಾಲದಲ್ಲಿ ಆಗೋದೇ ಇಲ್ಲ, ನೆಲ ಬೆವರುತ್ತೆ, ಸಾಕ್ಸ್ ಅಂಟ್ಕೊಳುತ್ತೆ. ಕಾಫಿ ಹೂ ಬಿಡಿಸೋ ಹೂಮಳೆಗೆ ಮುಂಚೆ, ಫೆಬ್ರವರಿ ಮಾರ್ಚಲ್ಲಿ, ನೆಲ ಒಣಗಿ ಜಾರ್ತಿರುತ್ತಲ್ಲ ಆಗ. ಒಂದು ಕಾಲಿನ ಹಿಮ್ಮಡಿ ಎತ್ತಿ ಭಾರ ಪೂರ್ತಿ ಆ ಬೆರಳ ತುದಿಗೆ ಕೊಡ್ಬೇಕು, ಇನ್ನೊಂದು ಕಾಲು ಚಪ್ಪಟೆ ಇಟ್ಟು ಹಿಂದಕ್ಕೆ ಎಳೀಬೇಕು, ಎಳೆದಾದ್ಮೇಲೆ ಅದರ ಹಿಮ್ಮಡಿ ಎತ್ತಬೇಕು, ಮೊದಲಿನದ್ದು ಇಳೀಬೇಕು. ಒಂದು ವಿಷಯ ಖಡಕ್ಕಾಗಿ ಹೇಳ್ತೀನಿ, ಮೂನ್‌ವಾಕ್ ಮೈಕಲ್ ಕಂಡುಹಿಡಿದಿದ್ದಲ್ಲ. ಬಿಲ್ ಬೇಯ್ಲಿ ಅನ್ನೋ ಟ್ಯಾಪ್ ಡಾನ್ಸರ್ 1950ರ ದಶಕದಲ್ಲೇ ಮಾಡಿರೋ ಫಿಲ್ಮ್ ಇದೆ, ಶಾಲಮಾರ್ ಗುಂಪಿನ ಜೆಫ್ರಿ ಡೇನಿಯಲ್ 1982ರಲ್ಲಿ ಬ್ರಿಟನ್ ಟಿವೀಲಿ ಮಾಡಿದಾರೆ. ಮೈಕಲ್ ಮಾಡಿದ್ದು 1983 ಮಾರ್ಚ್ 25ಕ್ಕೆ, ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಮೋಟೌನ್ 25 ಕಾರ್ಯಕ್ರಮದಲ್ಲಿ, ಮೇ 16ಕ್ಕೆ ಟಿವೀಲಿ ಬಂತು. ಜಾರಿದ್ದು ಕೆಲವೇ ಸೆಕೆಂಡು. ಆದ್ರೆ ಸರಿಯಾಗಿ ಎಲ್ಲಿ ಜಾರಬೇಕು ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಅದು ಅವನದ್ದಾಯ್ತು.

ಹುಡುಗಿ ಹಿಂಗೆಲ್ಲ ಕುಣೀಬಾರ್ದು ಅಂತ ನಮ್ಮ ಕಡೆ ನನಗ್ಯಾರೂ ಹೇಳ್ಲಿಲ್ಲ. ಕೊಡವರ ಮದುವೇಲಿ ವಾಲಗ ಶುರುವಾದ್ರೆ ಅಜ್ಜಿಯಿಂದ ಮೊಮ್ಮಗು ತನಕ ಕುಣೀತಾರೆ, ಕರೆದ ಊರೋರೂ ಕುಣೀತಾರೆ, ಅದನ್ನ ನೋಡ್ಕೊಂಡು ಬೆಳೆದೋಳು ನಾನು. ಒಂದು ಮದುವೇಲಿ ವಾಲಗಕ್ಕೇ ಮೈಕಲ್ ಸ್ಟೆಪ್ ಹಾಕಿದೀನಿ, ತಾಳ ಬೇರೆ, ಆದ್ರೂ ಕೂತ್ಕೊಳುತ್ತೆ. ವಿಡಿಯೋ ಮೊದಲು ನೋಡಿದ್ದು ಎಸ್ಟೇಟ್ ಬಂಗಲೇಲಿ, ಅಲ್ಲಿ ದೊಡ್ಡ ಡಿಶ್ ಇತ್ತು. ಬ್ಲ್ಯಾಕ್ ಆರ್ ವೈಟ್. ರಸ್ತೆ ಮಧ್ಯೆ ಗಾಡಿಗಳು ಓಡ್ತಿರುವಾಗ ನಮ್ಮ ದೇಶದ ಶಾಸ್ತ್ರೀಯ ನೃತ್ಯ ಮಾಡೋಳ ಜೊತೆ ಕುಣೀತಾನಲ್ಲ, ಅದನ್ನ ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

ಅವನು ಮುಂಬೈಗೆ ಬಂದ ಕಥೆ ಹೇಳಿದ್ರೆ ಇನ್ನೂ ಹೊಟ್ಟೆ ಉರಿಯುತ್ತೆ. 1996 ನವೆಂಬರ್ 1, ಅಂಧೇರಿ ಸ್ಪೋರ್ಟ್ಸ್ ಕಾಂಪ್ಲೆಕ್ಸ್. ಏರ್‌ಪೋರ್ಟಲ್ಲಿ ಸೋನಾಲಿ ಬೇಂದ್ರೆ ಮರಾಠಿ ಸೀರೆ ಉಟ್ಟು ಆರತಿ ಎತ್ತಿದ್ರು, ಆ ಫೋಟೋ ಪೇಪರಿಂದ ಕಟ್ ಮಾಡಿದ್ದು ಇಲ್ಲಿದೆ ನೋಡಿ, ಇದಕ್ಕೂ ಬೂಷ್ಟು. ನವೆಂಬರ್ 1 ಅಂದ್ರೆ ನಮಗೆ ಏನು? ರಾಜ್ಯೋತ್ಸವ. ಬೆಳಿಗ್ಗೆ ಸ್ಕೂಲ್ ಮೈದಾನದಲ್ಲಿ ಧ್ವಜ ಏರಿಸಿ ನಾಡಗೀತೆ ಹಾಡಿದ್ವಿ, ನಾನು ಮುಂದಿನ ಸಾಲು, ಗಟ್ಟಿಯಾಗೇ ಹಾಡಿದೆ, ಅದೇ ದಿನ ರಾತ್ರಿ ಅವನು ನಮ್ಮ ದೇಶದ ಸ್ಟೇಜ್ ಮೇಲಿದ್ದ. ಹೋಗೋಕಾದ್ರೂ ಹೆಂಗೆ, ಕೊಡಗಿಗೆ ಇವತ್ತಿಗೂ ರೈಲಿಲ್ಲ, ಮಂಗಳೂರಿಂದ ಮುಂಬೈಗೆ ಕೊಂಕಣ ರೈಲು ಪೂರ್ತಿ ಓಡೋಕೆ ಶುರುವಾಗಿದ್ದೇ 1998 ಜನವರಿಗೆ. ಆ 1996ರ ನವೆಂಬರಲ್ಲೇ ಬೆಂಗಳೂರಲ್ಲಿ ಮಿಸ್ ವರ್ಲ್ಡ್ ಬೇರೆ, ಗಲಾಟೆನೋ ಗಲಾಟೆ, ಪೇಪರಲ್ಲಿ ಅದೇ ತುಂಬ್ಕೊಂಡು ನನ್ನ ಮೈಕಲ್ ಸುದ್ದಿಗೆ ಜಾಗ ಇಲ್ಲ.

ಇನ್ನೊಂದು ವಿಷಯ, ಇದನ್ನ ಬಿಟ್ಟು ಮುಂದೆ ಹೋದ್ರೆ ಸರಿ ಆಗಲ್ಲ. ಮಕ್ಕಳ ವಿಷಯದಲ್ಲಿ ಅವನ ಮೇಲೆ ಬಂದ ಆರೋಪಗಳು. 1993ರಲ್ಲಿ ಮೊದಲನೇದು, ಅದು ಕೋರ್ಟಿನ ಹೊರಗೆ ದುಡ್ಡಲ್ಲಿ ಇತ್ಯರ್ಥ ಆಯ್ತು. 2005 ಜೂನಲ್ಲಿ ಇನ್ನೊಂದು ಕೇಸಲ್ಲಿ ಎಲ್ಲಾ ಆರೋಪದಿಂದ ಖುಲಾಸೆ. 2019ರಲ್ಲಿ ಇಬ್ಬರು ಗಂಡಸರು ಡಾಕ್ಯುಮೆಂಟರೀಲಿ ತಮ್ಮ ಬಾಲ್ಯದ ಬಗ್ಗೆ ಮಾತಾಡಿದ್ರು. ನಾನದನ್ನ ಪೂರ್ತಿ ನೋಡಿದೀನಿ. ಅಭಿಮಾನಿಗಳು ಅದನ್ನ ನೋಡ್ಲೇಬಾರ್ದು ಅನ್ನೋದು ನನಗೆ ಹಿಡಿಸಲ್ಲ. ಆ ಇಬ್ಬರನ್ನ ಬಾಯಿಗೆ ಬಂದಂಗೆ ಬೈಯೋದು ಅಂತೂ ಆಗ್ಲೇಬಾರ್ದು. ನೋಡಿದ್ಮೇಲೆ ಎಷ್ಟೋ ದಿನ ಒಂದು ಹಾಡೂ ಕೇಳೋಕೆ ಆಗ್ಲಿಲ್ಲ, ಆಮೇಲೆ ಕೇಳಿದೆ, ಈಗ್ಲೂ ಕೇಳ್ತೀನಿ, ಆದ್ರೆ ಮೊದಲಿನಷ್ಟು ಹಗುರ ಇಲ್ಲ. ಹಗುರ ಆಗೋದೂ ಬೇಡ.

ಅವನು ಹೋದಾಗ ನಾನು ಬೆಂಗಳೂರಲ್ಲಿ ಪಿಜೀಲಿದ್ದೆ. ಲಾಸ್ ಏಂಜಲೀಸಲ್ಲಿ 2009 ಜೂನ್ 25 ಮಧ್ಯಾಹ್ನ, ನಮಗೆ 26ರ ಬೆಳಗಿನ ಜಾವ ಮೂರು ಗಂಟೆ ಹತ್ರ. ಲಂಡನಲ್ಲಿ 50 ಶೋ ಮಾಡ್ಬೇಕಿತ್ತು ಅವನು, ಜುಲೈಯಿಂದ. ಐವತ್ತು ವರ್ಷದ ಮನುಷ್ಯನಿಗೆ ನಿದ್ದೆ ಬರ್ಲಿ ಅಂತ ಆಪರೇಷನ್ ಥಿಯೇಟರಲ್ಲಿ ಕೊಡೋ ಪ್ರೊಪೊಫಾಲ್ ಅನ್ನೋ ಮತ್ತಿನ ಔಷಧಿ ಮನೇಲಿ ಕೊಟ್ಟಿದಾರೆ, ಆ ಡಾಕ್ಟರಿಗೆ 2011ರಲ್ಲಿ ಶಿಕ್ಷೆ ಆಯ್ತು, ಆದ್ರೆ ಏನ್ ಬಂತು. ಬೆಳಿಗ್ಗೆ ಅಪ್ಪ ಫೋನ್ ಮಾಡಿ, ಮಗಾ, ರೇಡಿಯೋದಲ್ಲಿ ಹೇಳಿದ್ರು, ನಿನ್ನ ಮೈಕಲ್ ಹೋದ್ನಂತೆ, ತಿಂಡಿ ತಿಂದ್ಯಾ ಅಂತ ಕೇಳಿದ್ರು. ತಿಂದಿರ್ಲಿಲ್ಲ.

ಹಾ, ಬೆಲ್ಟ್ ಕೂತಿದೆ! ನೋಡಿ ನೋಡಿ, ತಿರುಗ್ತಿದೆ. ಮೊದ್ಲು ಸ್ವಲ್ಪ ಎಳೆದಂಗೆ ಬರ್ತಿದೆ, ಬೆಲ್ಟ್ ಇನ್ನೂ ಬಿಗಿ ಇದೆ ಅದಕ್ಕೆ. ಇಲ್ಲಿ ಹಾಡಿನ ಆಡಿಯೋ ತೆಗೆದುಬಿಟ್ಟಿದೀನಿ, ಹಾಕಿದ್ರೆ ಕಾಪಿರೈಟ್ ಬರುತ್ತೆ, ಅದಕ್ಕೆ ಅಣ್ಣನ ತಲೆ ಅಲ್ಲಾಡೋದು ಮಾತ್ರ ಕಾಣ್ತಿದೆ.

ಊರಿಗೆ ಬರೋ ದಾರೀಲಿ ಕಾರಲ್ಲಿ ನಾನೇ ಹೇಳಿದ್ದೆ, 1979ರ ಆಫ್ ದ ವಾಲ್ ಆಲ್ಬಮ್ಮೇ ಅವನ ಬೆಸ್ಟು, ಥ್ರಿಲ್ಲರ್‌ಗೆ ಜನ ಸುಮ್ನೆ ಜಾಸ್ತಿ ಬೆಲೆ ಕೊಡ್ತಾರೆ ಅಂತ. ಆ ಕ್ಲಿಪ್ ಎಡಿಟಲ್ಲಿ ತೆಗೆದಾಕಿದೀನಿ, ಯಾಕಂದ್ರೆ ಈಗ ಈ ಎ ಸೈಡ್ ಪೂರ್ತಿ ಕೇಳಿದ್ಮೇಲೆ ನನಗೆ ಹಂಗನಿಸ್ತಿಲ್ಲ. ಥ್ರಿಲ್ಲರೇ. 1984ರಲ್ಲಿ ಒಂದೇ ರಾತ್ರಿ ಎಂಟು ಗ್ರಾಮಿ, ಅದರಲ್ಲಿ ಏಳು ಥ್ರಿಲ್ಲರಿಂದಾನೇ, ಸುಮ್ನೆ ಕೊಟ್ಟಿಲ್ಲ. ಅಣ್ಣ ಡೇಂಜರಸ್ ಆಲ್ಬಮ್ಮು ಅಂತಾನೆ, ಅವನಿಗೆ ಯಾವಾಗ್ಲೂ ಅದೇ, ನಿಮಗೆ ಯಾವುದು ಅಂತ ಕೆಳಗೆ ಬರೀರಿ, ಪಾಯಸದ ಬಗ್ಗೆನೂ ಕೇಳ್ತೀರ ಗೊತ್ತು, ಅಮ್ಮನ್ನ ಕೇಳಿ ಬೇರೆ ವಿಡಿಯೋ ಮಾಡ್ತೀನಿ. ಕರೆಂಟ್ ಹೋಯ್ತು, ಟಾರ್ಚ್ ಬೆಳಕಲ್ಲಿ ಇಷ್ಟೇ ಕಾಣೋದು, ಟೂ ಇನ್ ವನ್ನಿಗೆ ದಪ್ಪ ಸೆಲ್ಲು ಆರು ಬೇಕು, ಅಣ್ಣ ಛತ್ರಿ ತಗೊಂಡು ಅಂಗಡಿಗೆ ಹೊರಟಿದಾನೆ, ಬಂದ ಕೂಡ್ಲೇ ಬಿ ಸೈಡು.