ರೈಲಿನ ಗಾರ್ಡ್ ಕೈಗೆ ಕಾಗದ ಕೊಟ್ಟರೆ ದಂಡವಿತ್ತು!

[ದೃಶ್ಯ: ಕಾಸರಗೋಡು ಸ್ಟೇಷನ್, ಮಂಗಳೂರು ಕಡೆಯ ಗಾಡಿ ಬರುತ್ತಿದೆ]

ನಮಸ್ಕಾರ. ಮಂಗಳೂರಿಗೆ ಹೊರಟ ಸ್ನೇಹಿತನ ಕೈಲಿ ಒಂದು ಕಾಗದ ಕೊಟ್ಟು ಕಳಿಸಿದರೆ ತಪ್ಪೇನೂ ಇರಲಿಲ್ಲ, ಅವನು ದುಡ್ಡು ತಗೊಳ್ಳಬಾರದು ಅಷ್ಟೇ. ಅದೇ ಕಾಗದವನ್ನು ಅದೇ ರೈಲಿನ ಗಾರ್ಡ್ ಒಯ್ದರೆ? ಸುಮ್ನೆ, ಪುಕ್ಕಟೆ ಒಯ್ದರೂ ಅಪರಾಧವಾಗಿತ್ತು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ ಪ್ರಕಾರ ಒಂದೊಂದು ಕಾಗದಕ್ಕೂ 50 ರೂಪಾಯಿವರೆಗೆ ದಂಡವಿತ್ತು.

ಏಕೆ ಇಷ್ಟು ಬಿಗಿ?

[ದೃಶ್ಯ: ಹಳೆಯ ಉಗಿಬಂಡಿ, ಟಪಾಲು ಚೀಲಗಳು]

ಕಾಗದ ಸಾಗಿಸುವ ಹಕ್ಕು ತನ್ನದು ಮಾತ್ರ ಎಂದು ಈಸ್ಟ್ ಇಂಡಿಯಾ ಕಂಪನಿ ಸರಕಾರ 1837ರಲ್ಲೇ ಕಾನೂನು ಮಾಡಿತ್ತು. ನಮ್ಮಲ್ಲಿ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಅಂದರೆ ರೈಲಿಗಿಂತ ಮೊದಲೇ ಕಟ್ಟಳೆ ಬಂದಿತ್ತು.

ಇಂಗ್ಲೆಂಡಿನಲ್ಲಿ 1830ರಿಂದಲೇ ರೈಲಿನಲ್ಲಿ ಟಪಾಲು ಹೋಗುತ್ತಿತ್ತು. ರೈಲು ಕಂಪನಿಗಳು ಬಾಡಿಗೆಗೆ ಜಗ್ಗಾಡಿದರೆ ಏನು ಮಾಡುವುದು? 1838ರ ಕಾಯ್ದೆ ಉತ್ತರ ಕೊಟ್ಟಿತು: ಅಂಚೆ ಇಲಾಖೆ ಕೇಳಿದರೆ ರೈಲು ಕಂಪನಿ ಒಯ್ಯಲೇಬೇಕು. ಬಾಡಿಗೆಯಲ್ಲಿ ಒಮ್ಮತ ಬಾರದಿದ್ದರೆ ಮಧ್ಯಸ್ಥರು ತೀರ್ಮಾನಿಸುತ್ತಾರೆ. ಚೀಲ ಹೊರುವ ಕರ್ತವ್ಯ ರೈಲಿನದು, ಒಳಗಿನ ಕಾಗದದ ಮೇಲೆ ಹಕ್ಕು ಅಂಚೆಯದು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ.

[ದೃಶ್ಯ: ಅಡಿಕೆ ಮೂಟೆಗಳು]

ನಮ್ಮೂರಿಗೆ ಬನ್ನಿ. ಶೋರನೂರು ಕಡೆಯಿಂದ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಇಲ್ಲಿಂದ ರೈಲಿನಲ್ಲಿ ಅಡಿಕೆ ಮೂಟೆ ಕಳಿಸುವವರು ಜೊತೆಗೆ ಒಂದು ಕಾಗದ ಇಡಬಹುದಿತ್ತು. ಆದರೆ ಅದರಲ್ಲಿ ಆ ಮೂಟೆಯ ವಿಷಯ ಮಾತ್ರ ಇರಬೇಕು. ಕೊನೆಯಲ್ಲಿ ‘ಮಗಳ ಮದುವೆ ನಿಶ್ಚಯವಾಯಿತು’ ಎಂದು ಸೇರಿಸಿದರೆ, ಕಾನೂನಿನ ಪ್ರಕಾರ ಅಂಚೆಚೀಟಿ ಹಚ್ಚಿ ಅಂಚೆಗೇ ಹಾಕಬೇಕು!

ಇನ್ನು ಆರ್‌ಎಂಎಸ್, ಅಂದರೆ ರೈಲ್ವೆ ಮೇಲ್ ಸರ್ವಿಸ್. ಓಡುವ ರೈಲಿನಲ್ಲೇ ಕಾಗದ ವಿಂಗಡಿಸುವ ಕೆಲಸ ನಮ್ಮ ದೇಶದಲ್ಲಿ 1863ರಲ್ಲಿ ಅಲಹಾಬಾದ್–ಕಾನ್ಪುರ ನಡುವೆ ಶುರುವಾಯಿತು. ಟಪಾಲು ತಡೆದು ನಿಲ್ಲಿಸಿದವರಿಗೂ 1898ರ ಕಾಯ್ದೆಯಲ್ಲಿ 200 ರೂಪಾಯಿವರೆಗೆ ದಂಡವಿತ್ತು.

[ದೃಶ್ಯ: ಇಂದಿನ ಅಂಚೆ ಕಚೇರಿ]

ಈಗ ಅದೆಲ್ಲ ಹೋಯಿತು. 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂತು. ಕಾಗದ ಒಯ್ಯುವ ಏಕಸ್ವಾಮ್ಯ ಅದರಲ್ಲಿಲ್ಲ. ಅಂಚೆಚೀಟಿ ಹೊರಡಿಸುವ ಹಕ್ಕು ಮಾತ್ರ ಉಳಿದಿದೆ. ಊರೂರಲ್ಲಿ ಕೊರಿಯರ್ ಇರುವಾಗ ಅದು ಸರಿಯೇ. ಆದರೆ ಅಂಚೆಯಲ್ಲಿ ಹೋಗುವ ವಸ್ತುವನ್ನು ತಡೆದು ತೆರೆದು ನೋಡುವ ಅಧಿಕಾರ ಹೊಸ ಕಾಯ್ದೆಯಲ್ಲೂ ಇದೆ. ಹಳೆಯದರಲ್ಲಿ ತುರ್ತು ಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ, ಶಾಂತಿ ಎಂದಷ್ಟೇ ಕಾರಣಗಳಿದ್ದವು. ಈಗ ಇನ್ನೂ ಜಾಸ್ತಿ. ಸಂಸತ್ತಿನಲ್ಲಿ ಇದರ ಮೇಲೆ ಇನ್ನಷ್ಟು ಚರ್ಚೆ ಆಗಬೇಕಿತ್ತು, ಅಲ್ವಾ?