ಮನೆಯೊಳಗಿನ ಫರ್ನ್ ಯಾಕೆ ಒಣಗುತ್ತೆ?

[ಶಾಟ್: ಕಿಟಕಿ ಪಕ್ಕ ಒಂದು ಬಾಸ್ಟನ್ ಫರ್ನ್. ತುದಿಗಳೆಲ್ಲ ಕಂದು. ಮುಟ್ಟಿದ ಕೂಡಲೇ ಎಲೆ ಉದುರುತ್ತದೆ.]

ನಮಸ್ಕಾರ. ಈ ಗಿಡ ನೋಡಿದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು: ನೀರು ಸಾಲ್ತಿಲ್ಲ. ಸರಿ, ಮಣ್ಣಿಗೆ ಬೆರಳು ಇಳಿಸಿ ನೋಡೋಣ. ಒದ್ದೆ ಇದೆ. ಇನ್ನೂ ಕೆಳಗೆ ಹೋದರೆ ಕೆಸರೇ ಆಗಿದೆ. ಬೇರಿನ ಹತ್ತಿರ ನೀರು ನಿಂತಿದೆ, ಆದರೂ ಎಲೆ ಒಣ ಕಾಗದದ ಹಾಗೆ ಪುಡಿಯಾಗ್ತಿದೆ.

ನಾನು ಸಾಕಿದ ಮೊದಲ ಎರಡು ಫರ್ನ್‌ಗಳು ಹೀಗೇ ಹೋದವು. ಎಲೆ ಒಣಗಿತು ಅಂತ ನೀರು ಹಾಕಿದೆ. ಮತ್ತೂ ಒಣಗಿತು ಅಂತ ಮತ್ತಷ್ಟು ಹಾಕಿದೆ. ಬೇರು ಕೊಳೆಯಿತು. ತಪ್ಪಿದ್ದು ಎಲ್ಲಿ ಅನ್ನೋದು ನನಗೆ ಹೊಳೆದದ್ದು ಸುಮಾರು ಇನ್ನೂರು ವರ್ಷ ಹಿಂದಿನ ಒಂದು ಬಾಟಲಿಯ ಕತೆ ಓದಿದಾಗ.

[ಚಿತ್ರ: ಮುಚ್ಚಳ ಹಾಕಿದ ಗಾಜಿನ ಬಾಟಲಿ, ತಳದಲ್ಲಿ ಮಣ್ಣು, ಅದರಲ್ಲೊಂದು ಪುಟ್ಟ ಫರ್ನ್.]

1829, ಲಂಡನ್. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಅನ್ನೋ ಒಬ್ಬ ವೈದ್ಯರಿದ್ದರು. ಫರ್ನ್ ಅಂದ್ರೆ ಅವರಿಗೆ ಪ್ರಾಣ. ಕಲ್ಲು ಜೋಡಿಸಿ, ನೆರಳು ಮಾಡಿ ಫರ್ನ್ ನೆಡ್ತಿದ್ದರು. ಸುತ್ತಲಿನ ಕಾರ್ಖಾನೆಗಳ ಕಲ್ಲಿದ್ದಲು ಹೊಗೆಗೆ ಒಂದೊಂದಾಗಿ ಸಾಯ್ತಿದ್ದವು. ಅದೇ ಹೊತ್ತಿಗೆ ಅವರು ಬೇರೆಯದೇ ಉದ್ದೇಶಕ್ಕೆ, ಪತಂಗವೊಂದು ಕೋಶದಿಂದ ಹೊರಬರೋದನ್ನ ನೋಡಬೇಕು ಅಂತ, ಆ ಕೋಶವನ್ನ ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಹಗಲಿನ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಗಾಜಿಗೆ ಅಂಟೋದು, ಮತ್ತೆ ಇಳಿದು ಮಣ್ಣಿಗೇ ಸೇರೋದು. ಆ ಮಣ್ಣಿನಿಂದ ಒಂದು ಹುಲ್ಲು, ಒಂದು ಫರ್ನ್ ತಾವಾಗಿಯೇ ಹುಟ್ಟಿಕೊಂಡವು! ಹೊರಗೆ ಅಷ್ಟು ಜತನ ಮಾಡಿದರೂ ಬದುಕದ ಫರ್ನ್, ಬಾಟಲಿಯೊಳಗೆ ಯಾರ ಆರೈಕೆಯೂ ಇಲ್ಲದೆ ಹೆಚ್ಚುಕಡಿಮೆ ನಾಲ್ಕು ವರ್ಷ ಇತ್ತು.

ಕೊನೆಗೆ ಅದು ಹೇಗೆ ಸತ್ತಿತು ಅನ್ನೋದು ಇನ್ನೂ ಮುಖ್ಯ. ವಾರ್ಡ್ ಮನೆಯಲ್ಲಿ ಇಲ್ಲದಾಗ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಹೋಯ್ತು. ನೀರು ಜಾಸ್ತಿಯಾಗಿ ಸತ್ತಿತು.

ಎಲೆಯ ಸುತ್ತ ತೇವದ ಗಾಳಿ ಇದ್ದಾಗ ವರ್ಷಗಟ್ಟಲೆ ಬದುಕಿದ ಗಿಡ, ಬೇರಿಗೆ ನೀರು ತುಂಬಿದಾಗ ಉಳಿಯಲಿಲ್ಲ. ನಾವು ಮನೆಯಲ್ಲಿ ಮಾಡೋದು ಇದರ ತಲೆಕೆಳಗು. ಗಾಳಿ ಒಣಗಿರುತ್ತೆ, ಬೇರು ಮುಳುಗಿರುತ್ತೆ.

[ಶಾಟ್: ತೇವಾಂಶ ಅಳೆಯುವ ಪುಟ್ಟ ಮೀಟರ್, ಗಿಡದ ಪಕ್ಕ.]

ಹಾಗಾಗಿ ಗೊಬ್ಬರಕ್ಕಿಂತ ಮೊದಲು ಇಂಥದ್ದೊಂದು ಮೀಟರ್ ತಗೊಳ್ಳಿ ಅಂತೀನಿ. ಗಾಳಿಯಲ್ಲಿ ತೇವಾಂಶ ಶೇ. 50ಕ್ಕಿಂತ ಮೇಲಿದ್ದರೆ ಮನೆಯಲ್ಲಿ ಬೆಳೆಸೋ ಹೆಚ್ಚಿನ ಫರ್ನ್‌ಗಳು ನೆಮ್ಮದಿಯಾಗಿರುತ್ತವೆ. 60 ಇದ್ದರೆ ಇನ್ನೂ ಚೆಂದ. ಎಸಿ ಅಥವಾ ಹೀಟರ್ ಓಡೋ ಕೋಣೆಯಲ್ಲಿ ಇದು 30ರ ಆಸುಪಾಸಿಗೆ ಇಳಿಯಬಹುದು. ಅಂಥ ಕೋಣೆಯಲ್ಲಿ ಗಾಳಿ ನೇರವಾಗಿ ಬೀಸೋ ಕಡೆ ಗಿಡ ಇಟ್ಟರೆ ನೀವು ಎಷ್ಟು ನೀರು ಹಾಕಿದರೂ ತುದಿ ಕಂದಾಗೋದು ನಿಲ್ಲಲ್ಲ.

ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆ ನಾಲ್ಕು ಸಲ ಚಿಮುಕಿಸೋರು ತುಂಬಾ ಜನ. ಮಾಡಬೇಡಿ ಅಂತ ಹೇಳಲ್ಲ, ಆದರೆ ಅದರ ಫಲ ಸ್ವಲ್ಪ ಹೊತ್ತಷ್ಟೇ. ಹನಿ ಆರಿದ ಮೇಲೆ ಗಾಳಿ ಮೊದಲಿನಷ್ಟೇ ಒಣ. ಅದರ ಬದಲು ಗಿಡಗಳನ್ನ ಒತ್ತೊತ್ತಾಗಿ ಇಡಿ. ಒಂದರ ಎಲೆಯಿಂದ ಹೊರಟ ತೇವ ಇನ್ನೊಂದಕ್ಕೆ ಸಿಗುತ್ತೆ. ಕಿಟಕಿ ಇರೋ ಬಚ್ಚಲುಮನೆ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತೀರಾ ನಾಜೂಕಿನ ಫರ್ನ್ ಆದರೆ ವಾರ್ಡ್ ದಾರಿಯೇ ಸರಿ, ಗಾಜಿನ ಜಾಡಿ.

ಇನ್ನು ಬೆಳಕು. "ಫರ್ನ್ ನೆರಳಿನ ಗಿಡ" ಅನ್ನೋ ಮಾತು ಕೇಳಿ ಕತ್ತಲೆ ಮೂಲೆಗೆ ತಳ್ಳೋರಿದ್ದಾರೆ. ಕಾಡಿನ ನೆರಳು ಬೇರೆ, ಕೋಣೆಯ ಕತ್ತಲೆ ಬೇರೆ. ಮರದ ಕೆಳಗೆ ಬಿಸಿಲು ಸೋಸಿಕೊಂಡು ಬರುತ್ತೆ, ಆದರೆ ತಲೆಯ ಮೇಲಿಂದ ಇಡೀ ದಿನ ಬರುತ್ತೆ. ಮನೆಯಲ್ಲಿ ಪೂರ್ವದ ಕಿಟಕಿ, ಇಲ್ಲವೇ ತೆಳು ಪರದೆ ಹಾಕಿದ ಕಿಟಕಿ ಸಾಕು. ನೀವು ಗಿಡದ ಪಕ್ಕ ಕೂತು ದೀಪ ಹಾಕದೆ ಪುಸ್ತಕ ಓದೋಕೆ ಆಗುತ್ತೆ ಅಂದ್ರೆ ಗಿಡಕ್ಕೂ ಆ ಬೆಳಕು ಆಗುತ್ತೆ. ಮಧ್ಯಾಹ್ನದ ನೇರ ಬಿಸಿಲು ಮಾತ್ರ ಬೇಡ, ಎಲೆ ಸುಟ್ಟು ಬಿಳಿಚಿಕೊಳ್ಳುತ್ತೆ.

ಮಂದ ಬೆಳಕಿನಲ್ಲಿ ಫರ್ನ್ ಇಷ್ಟು ಚೆನ್ನಾಗಿ ಬದುಕೋದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಜರೀಗಿಡಗಳು, ಅಂದ್ರೆ ಫರ್ನ್‌ಗಳು, 36 ಕೋಟಿ ವರ್ಷಕ್ಕೂ ಹಿಂದಿನಿಂದ ಭೂಮಿ ಮೇಲಿವೆ. ಆದರೆ ಈಗ ನಾವು ಕಾಣೋ ಬಗೆಗಳಲ್ಲಿ ಬಹುಪಾಲು ಹರಡಿಕೊಂಡಿದ್ದು ಹೂಬಿಡುವ ಮರಗಳು ಎದ್ದು ದಟ್ಟ ಕಾಡು ಮಾಡಿದ ಮೇಲೆ, ಅವುಗಳ ನೆರಳಿನಲ್ಲಿ. ಕಡಿಮೆ ಬೆಳಕನ್ನ ಗ್ರಹಿಸೋ ನಿಯೋಕ್ರೋಮ್ ಅನ್ನೋ ಪ್ರೋಟೀನ್ ಇವುಗಳಲ್ಲಿದೆ. ಅದರ ಜೀನ್ ಫರ್ನ್‌ನದ್ದಲ್ಲ, ಹಾರ್ನ್‌ವರ್ಟ್ ಅನ್ನೋ ಪಾಚಿಯಂಥ ಪುಟ್ಟ ಸಸ್ಯದಿಂದ ಬಂದಿದ್ದು ಅಂತ 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಪ್ಪ ಅಮ್ಮನಿಂದ ಬರದೆ, ನೆರೆಮನೆಯಿಂದ ಬಂದ ಆಸ್ತಿ!

[ಶಾಟ್: ಕುಂಡದಿಂದ ಗಿಡ ಎತ್ತಿ ಬೇರು ತೋರಿಸುವುದು.]

ಬೇರು ನೋಡಿ, ಕೂದಲಿನಷ್ಟು ಸಣ್ಣ, ಮೇಲ್ಮೇಲೇ ಹರಡಿಕೊಂಡಿದೆ. ಇದಕ್ಕೆ ಆಳದ ಕುಂಡ ಬೇಡ, ಅಗಲದ್ದು ಬೇಕು. ತಳದಲ್ಲಿ ತೂತು ಇರಲೇಬೇಕು. ಬರೀ ತೋಟದ ಮಣ್ಣು ತುಂಬಿದರೆ ಗಟ್ಟಿಯಾಗಿ ಬೇರಿಗೆ ಉಸಿರಾಡೋಕೆ ಆಗಲ್ಲ. ನಾನು ಹಾಕೋದು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು). ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು.

ನೀರಿಗೆ ವಾರ, ದಿನ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಮೇಲ್ಮಣ್ಣು ಆರೋಕೆ ಶುರುವಾದಾಗ ಹಾಕಿ. ಹಾಕಿದರೆ ತಳದಿಂದ ಬಸಿದು ಬರೋವಷ್ಟು ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ಲಿಬಿಡಿ. ಗೊಬ್ಬರ ಹೊಸ ಎಲೆ ಬರ್ತಿರೋ ಕಾಲದಲ್ಲಿ ಮಾತ್ರ, ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಬರೆದಿದ್ದರ ಅರ್ಧ. ಜಾಸ್ತಿಯಾದರೆ ಲವಣ ಕೂತು ತುದಿ ಸುಡುತ್ತೆ.

ಯಾವ ಫರ್ನ್ ತರೋದು? ಇಲ್ಲಿ ನಾನು ಸ್ವಲ್ಪ ಖಡಕ್ಕಾಗಿ ಹೇಳ್ತೀನಿ: ಮೊದಲ ಗಿಡವಾಗಿ ಮೇಡನ್‌ಹೇರ್ ತರಬೇಡಿ. ಕಪ್ಪು ತಂತಿಯಂಥ ದಂಟು, ಪುಟ್ಟ ಬೀಸಣಿಗೆಯಂಥ ಎಲೆ, ನೋಡಿದರೆ ಬಿಟ್ಟು ಬರೋಕೆ ಮನಸ್ಸಾಗಲ್ಲ. ಅದರ ಶಾಸ್ತ್ರೀಯ ಹೆಸರು ಅಡಿಯಾಂಟಮ್, ಗ್ರೀಕ್‌ನಲ್ಲಿ "ಒದ್ದೆಯಾಗದ್ದು" ಅಂತ. ನೀರು ಹಾಕಿದರೆ ಹನಿ ಜಾರಿಹೋಗುತ್ತೆ. ಆದರೆ ಮಣ್ಣು ಒಂದೇ ಒಂದು ಸಲ ಪೂರ್ತಿ ಒಣಗಿದರೂ ಎಲೆಯೆಲ್ಲ ಮುದುಡಿಬಿಡುತ್ತೆ, ಮುದುಡಿದ ಎಲೆ ಮತ್ತೆ ಅರಳಲ್ಲ. ಹಾಗಾಯ್ತು ಅಂದ್ರೆ ಎಸೆಯಬೇಡಿ. ಎಲ್ಲ ದಂಟನ್ನೂ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಮಣ್ಣು ತೇವವಾಗಿಟ್ಟು ಕಾಯಿರಿ. ಒಳಗಿನ ಗುಪ್ತಕಾಂಡ ಜೀವಂತ ಇದ್ದರೆ ಕೆಲವು ವಾರಕ್ಕೆ ಹೊಸ ಸುರುಳಿ, ಅಂದ್ರೆ ಸುತ್ತಿಕೊಂಡ ಎಳೆ ಎಲೆ, ಏಳುತ್ತೆ. ಶುರುವಿನಲ್ಲಿ ತೋರಿಸಿದ ಬಾಸ್ಟನ್ ಫರ್ನ್‌ಗೂ ನಾನು ಇದೇ ಮಾಡಿದ್ದು. ಕೊಳೆತ ಬೇರು ತೆಗೆದು, ಮಿಶ್ರಣ ಬದಲಿಸಿ, ಒಣ ಎಲೆ ಬುಡದವರೆಗೆ ಕತ್ತರಿಸಿದೆ.

ಹೊಸಬರಿಗೆ ಹಾಲಿ ಫರ್ನ್ ಒಳ್ಳೇದು. ದಪ್ಪ ಎಲೆ, ಒಣಗಾಳಿ ಸ್ವಲ್ಪ ತಡೆಯುತ್ತೆ. ಬರ್ಡ್ಸ್ ನೆಸ್ಟ್ ಕೂಡ ಸರಿ. ಇದು ಕಾಡಿನಲ್ಲಿ ಮರದ ಮೇಲೆ ಕೂತು, ಮೇಲಿಂದ ಬಿದ್ದ ತರಗೆಲೆಯನ್ನ ನಡುವಿನ ಬಟ್ಟಲಿನಲ್ಲಿ ಹಿಡಿದು ಗೊಬ್ಬರ ಮಾಡಿಕೊಳ್ಳುತ್ತೆ. ಆದರೆ ಮನೆಯೊಳಗೆ ಗಾಳಿಯಾಟ ಕಡಿಮೆ, ಆ ಬಟ್ಟಲಿಗೆ ನೀರು ಸುರಿದರೆ ಕೊಳೆಯುತ್ತೆ. ಸುತ್ತಲಿನ ಮಣ್ಣಿಗೆ ಹಾಕಿ.

[ಶಾಟ್: ಹಲಗೆಗೆ ಕಟ್ಟಿದ ಸ್ಟ್ಯಾಗ್‌ಹಾರ್ನ್ ಫರ್ನ್, ಹತ್ತಿರದಿಂದ.]

ಸ್ಟ್ಯಾಗ್‌ಹಾರ್ನ್ ಬಗ್ಗೆ ಎರಡು ಎಚ್ಚರಿಕೆ. ಬುಡದಲ್ಲಿ ತಟ್ಟೆಯಂತೆ ಅಂಟಿಕೊಂಡಿರೋ ಕಂದು ಎಲೆ ಒಣಗಿದೆ ಅಂತ ಕೀಳಬೇಡಿ. ಅದು ಬೇರಿನ ಕವಚ, ಕಂದಾಗೋದೇ ಅದರ ಸ್ವಭಾವ. ಹಾಗೇ ಎಲೆ ಮೇಲಿರೋ ಬಿಳಿ ನವಿರು ಧೂಳಲ್ಲ, ಒರೆಸಬೇಡಿ. ಅದು ತೇವ ಹಾರಿಹೋಗದಂತೆ ತಡೆಯೋ ರೋಮ.

ಅಂದ ಹಾಗೆ, ಆಸ್ಪರಾಗಸ್ ಫರ್ನ್ ಅಂತ ಮಾರೋದು ಫರ್ನ್ ಅಲ್ಲವೇ ಅಲ್ಲ. ಅದು ಹೂ ಬಿಡುತ್ತೆ, ಹಣ್ಣು ಬಿಡುತ್ತೆ. ಬೆಕ್ಕು, ನಾಯಿ ಇರೋ ಮನೆಯವರು ಗಮನಿಸಿ, ಆ ಹಣ್ಣು ಅವಕ್ಕೆ ವಿಷ. ಬಾಸ್ಟನ್ ಫರ್ನ್‌ನಿಂದ ಅಂಥ ಭಯವಿಲ್ಲ.

ಇನ್ನೊಂದು ಮಾತನ್ನೂ ಸರಿಪಡಿಸಲೇಬೇಕು. ಫರ್ನ್ ಇಟ್ಟರೆ ಮನೆ ಗಾಳಿ ಶುದ್ಧವಾಗುತ್ತೆ ಅಂತ ಹೇಳಿ ಮಾರ್ತಾರೆ. ಈ ಮಾತಿನ ಮೂಲ 1989ರ ನಾಸಾ ವರದಿ. ಆ ಪ್ರಯೋಗ ನಡೆದಿದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ಕಿಟಕಿ ಬಾಗಿಲಿನಿಂದ ಸಹಜವಾಗಿ ಆಗೋ ಗಾಳಿಯಾಟದಷ್ಟು ಕೆಲಸ ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾಗುತ್ತೆ ಅಂತ 2019ರಲ್ಲಿ ಬಂದ ವಿಮರ್ಶೆ ಲೆಕ್ಕ ಹಾಕಿದೆ. ಫರ್ನ್ ಸಾಕೋಕೆ ಅದರ ಚೆಲುವು ಸಾಕು, ಇಲ್ಲದ ಗುಣ ಹೊರಿಸೋದು ಯಾಕೆ?

[ಶಾಟ್: ಎಲೆ ನಿಧಾನವಾಗಿ ತಿರುಗಿಸುವುದು. ಹಿಂಬದಿಯಲ್ಲಿ ಸಾಲು ಸಾಲು ಕಂದು ಚುಕ್ಕೆ.]

ಈ ಚುಕ್ಕೆಗಳನ್ನ ನೋಡಿ ಹೆದರಿ, ಔಷಧಿ ಹೊಡೆದು ಗಿಡ ಕೊಂದವರಿದ್ದಾರೆ. ಇದು ರೋಗ ಅಲ್ಲ, ಬೀಜಕಗಳ, ಅಂದ್ರೆ ಸ್ಪೋರ್‌ಗಳ ಗೊಂಚಲು. ಫರ್ನ್‌ಗೆ ಹೂ ಇಲ್ಲ, ಬೀಜ ಇಲ್ಲ, ಸಂತಾನ ಇದರಿಂದಲೇ. ಕೀಟವೋ ಬೀಜಕವೋ ಅಂತ ತಿಳಿಯೋದು ಸುಲಭ. ಬೀಜಕ ಎಲೆಯ ಹಿಂಬದಿಯಲ್ಲಿ ಮಾತ್ರ, ನರದ ಎರಡೂ ಕಡೆ ಅಥವಾ ಅಂಚಿನಗುಂಟ, ರಂಗೋಲಿ ಚುಕ್ಕಿಯ ಹಾಗೆ ಕ್ರಮವಾಗಿ ಇರುತ್ತೆ. ಶಲ್ಕ ಕೀಟ (ಚಿಪ್ಪಿನಂತೆ ಅಂಟಿ ರಸ ಹೀರೋ ಹುಳ) ಆದರೆ ಎಲ್ಲೆಂದರಲ್ಲಿ, ದಂಟಿನ ಮೇಲೂ ಕೂತಿರುತ್ತೆ, ಕೈಗೆ ಅಂಟಂಟು ತಾಗುತ್ತೆ. ಅದನ್ನ ಮತ್ತು ಹಿಟ್ಟು ತಿಗಣೆಯನ್ನ (ಬಿಳಿ ಹಿಟ್ಟು ಮೆತ್ತಿದಂಥ ಹುಳ) ಉಗುರಿನಲ್ಲೋ ಒದ್ದೆ ಹತ್ತಿಯಲ್ಲೋ ತೆಗೆಯಿರಿ. ಫರ್ನ್ ಎಲೆ ಔಷಧಿ, ಎಣ್ಣೆ ತಡೆಯಲ್ಲ. ಹೊಡೆಯಲೇಬೇಕು ಅಂದ್ರೆ ಮೊದಲು ಒಂದೇ ಎಲೆಗೆ ಹೊಡೆದು ಕೆಲವು ದಿನ ನೋಡಿ.

ಗಿಡ ಹೆಚ್ಚಿಸೋಕೆ ಬುಡ ಭಾಗ ಮಾಡಿ ನೆಡೋದು ಸಲೀಸು. ಆದರೆ ಒಮ್ಮೆಯಾದರೂ ಬೀಜಕದಿಂದ ಬೆಳೆಸಿ ನೋಡಿ. ಚುಕ್ಕೆ ಕಂದಾದ ಎಲೆ ಕತ್ತರಿಸಿ ಬಿಳಿ ಕಾಗದದ ಲಕೋಟೆಯಲ್ಲಿ ಇಡಿ. ಒಣಗ್ತಾ ಹೋದಂತೆ ಬೀಜಕದ ಚೀಲಗಳು ಕವಣೆಯ ಹಾಗೆ ಸಿಡಿದು, ಒಂದೆರಡು ದಿನಕ್ಕೆ ಲಕೋಟೆ ತುಂಬ ಕಂದು ಪುಡಿ. ಕುದಿಯೋ ನೀರು ಹಾಕಿ ಆರಿಸಿದ ಕೋಕೋಪೀಟ್ ಮೇಲೆ ಅದನ್ನ ಉದುರಿಸಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಡಿ. ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಮೊದಲು ಹಸಿರು ಮಬ್ಬು, ಆಮೇಲೆ ಉಗುರಿಗಿಂತ ಚಿಕ್ಕದಾದ ಹೃದಯದಾಕಾರದ ಬಿಲ್ಲೆಗಳು. ಇವುಗಳ ಹೆಸರು ಪ್ರೋಥ್ಯಾಲಸ್. ಗಂಡು ಕಣ ಇದರ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಹೆಣ್ಣು ಕಣ ಸೇರಬೇಕು. ಆ ನೀರಿನ ಪದರ ಇಲ್ಲದೆ ಹೆಚ್ಚಿನ ಫರ್ನ್‌ಗಳು ಹುಟ್ಟಲ್ಲ. ಅದಕ್ಕೇ ಈ ಹಂತದಲ್ಲಿ ಮುಚ್ಚಳ ತೆಗೆದು ಸಣ್ಣಗೆ ನೀರು ಚಿಮುಕಿಸಬೇಕು. ಸ್ಪ್ರೇ ಬಾಟಲಿ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲಿ.

[ಶಾಟ್: ಡಬ್ಬಿಯ ಮುಚ್ಚಳದಲ್ಲಿ ಹನಿಗಟ್ಟಿದ ನೀರು. ಒಳಗೆ ಹಸಿರು ಬಿಲ್ಲೆಗಳು.]

ಇದು ನನ್ನ ಡಬ್ಬಿ. ಸದ್ಯಕ್ಕೆ ಬರೀ ಬಿಲ್ಲೆಗಳಿವೆ, ತಿಂಗಳುಗಳೇ ಹಿಡಿಯೋ ಕೆಲಸ ಇದು. ಮೊದಲ ಸುರುಳಿ ಎದ್ದ ದಿನ ಕ್ಯಾಮೆರಾ ತಂದು ಇದರ ಮುಂದೆ ಇಡ್ತೀನಿ.