ತೇಲಿ ಬಂದವರಂತೆ, ತೇಲಿ!

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಕಳೆದ ಸಂಚಿಕೆಯ ಕೆಳಗೆ ಮಹಾನುಭಾವರೊಬ್ಬರು ಬರೆದ ಸಾಲು ನನ್ನ ಬೆಳಗಿನ ಕಾಫಿಯನ್ನೇ ಕೆಡಿಸಿತು. “ಪಾಲಿನೇಷ್ಯಾದವರು ಗಾಳಿಗೆ ಸಿಕ್ಕಿ ತೇಲಿ ಹೋಗಿ ದ್ವೀಪ ಸೇರಿದರು. ಅದರಲ್ಲಿ ವಿದ್ಯೆ ಎಂಥದ್ದು?”

ಪಾಲಿನೇಷ್ಯಾ ಎಂದರೆ ಪೆಸಿಫಿಕ್ ಸಾಗರದಲ್ಲಿ ಹರಡಿರುವ ಹವಾಯಿ, ತಹೀತಿ ಮುಂತಾದ ದ್ವೀಪಗಳು. ಅಲ್ಲಿಗೆ ತೇಲಿ ಹೋದರಂತೆ! ಸ್ವಾಮಿ, ಮೀನು ಹಿಡಿಯಲು ಹೋಗಿ ಗಾಳಿಗೆ ಸಿಕ್ಕವನ ದೋಣಿಯಲ್ಲಿ ಏನಿರುತ್ತದೆ? ಗಾಳ, ಬಲೆ, ಕುಡಿಯಲು ಒಂದಿಷ್ಟು ನೀರು. ಹೆಂಡತಿ, ಹಂದಿ, ನಾಯಿ, ಕೋಳಿ, ಕೆಸುವಿನ ಗೆಡ್ಡೆ ಇರುತ್ತವೆಯೇ? ಹವಾಯಿಗೆ ಇವೆಲ್ಲ ದೋಣಿಯಲ್ಲೇ ಬಂದವು. ಜೀಗುಜ್ಜೆಯನ್ನೇ ತೆಗೆದುಕೊಳ್ಳಿ, ಮಂಗಳೂರಿನ ಕಡೆ ಪೋಡಿ ಕರಿಯುತ್ತಾರಲ್ಲ, ಅದೇ. ಆ ಜನ ಹವಾಯಿಗೆ ಒಯ್ದ ತಳಿಗೆ ಬೀಜವೇ ಇಲ್ಲ. ಬೇರಿನಿಂದ ಚಿಗುರಿದ ಸಸಿಯನ್ನು ಅಗೆದು, ಉಪ್ಪುನೀರು ಸೋಕದಂತೆ ಜೋಪಾನ ಮಾಡಿ, ವಾರಗಟ್ಟಲೆ ಸಾಗಿಸಿ ನೆಡಬೇಕು. ದಾರಿ ತಪ್ಪುವವನು ಸಸಿ ಕಟ್ಟಿಕೊಂಡು ಹೊರಡುತ್ತಾನೆಯೇ?

“ನಾರ್ವೆಯ ಸಾಹಸಿ ಹೆಯರ್ಡಾಲ್ 1947ರಲ್ಲಿ ಪೆರುವಿನಿಂದ ತೆಪ್ಪದಲ್ಲಿ ತೇಲಿ ತೋರಿಸಲಿಲ್ಲವೇ?” ತೋರಿಸಿದರು, ತೋರಿಸಿದರು. ಮೊದಲು ಇನ್ನೊಂದು ಹಡಗಿನಿಂದ ಎಳೆಸಿಕೊಂಡು ದಡ ಬಿಟ್ಟರು, 101 ದಿನಗಳ ನಂತರ ಪಾಲಿನೇಷ್ಯಾದ ರರೋಯಿಯಾ ದ್ವೀಪದ ಹವಳದ ದಿಬ್ಬಕ್ಕೆ ಅಪ್ಪಳಿಸಿದರು. ತೇಲುವುದೆಂದರೆ ಅದು!

1973ರಲ್ಲಿ ಸಂಶೋಧಕರು ಗಾಳಿ, ಪ್ರವಾಹಗಳ ಲೆಕ್ಕ ಕೊಟ್ಟು ಕಂಪ್ಯೂಟರಿನಲ್ಲೇ ದೋಣಿಗಳನ್ನು ತೇಲಿಬಿಟ್ಟರು. ಪಾಲಿನೇಷ್ಯಾದ ಬೇರೆ ದ್ವೀಪಗಳಿಂದ ಬಿಟ್ಟದ್ದು ಒಂದೂ ಹವಾಯಿ ಮುಟ್ಟಲಿಲ್ಲ. ಒಂದೂ! (ಚಂದಾದಾರರಾಗದೆ ನೋಡುತ್ತಿರುವವರೂ ಹೀಗೆಯೇ ತೇಲುತ್ತಿದ್ದಾರೆ. ಗುಂಡಿ ಕೆಳಗಿದೆ.)

ಇನ್ನು 1976. ಮೇ 1ರಂದು ಹೊಕುಲೆಯಾ ಎಂಬ ಜೋಡಿ ಒಡಲಿನ ಹಾಯಿದೋಣಿ ಹವಾಯಿಯಿಂದ ತಹೀತಿಗೆ ಹೊರಟಿತು. ದಾರಿ ತೋರಿದವರು ಸತವಾಲ್ ದ್ವೀಪದ ಮಾವು ಪಿಯಾಯ್ಲುಗ್. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ, ಕೈಗಡಿಯಾರವೂ ಇಲ್ಲ. ನಕ್ಷತ್ರ ಹುಟ್ಟುವ ಜಾಗ, ಮುಳುಗುವ ಜಾಗ ಬಾಯಿಪಾಠ. ಮೋಡ ಕವಿದರೆ? ದೋಣಿಯಲ್ಲಿ ಮಲಗಿ, ಬೆನ್ನಿನಡಿ ಬರುವ ಅಲೆ ಯಾವ ಕಡೆಯದೆಂದು ಮೈಯಿಂದಲೇ ತಿಳಿಯುವುದು. ದೂರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ದಿಕ್ಕು ಬದಲಿಸುವುದಿಲ್ಲ. ಕೊನೆಗೆ ಬಿಳಿ ಹಕ್ಕಿಗಳು ಕಂಡವು, ಮತೈವ ದ್ವೀಪ ಸಿಕ್ಕಿತು. ಜೂನ್ 4ಕ್ಕೆ ತಹೀತಿಯ ಪಪೀಟೆ. ಇದು ತೇಲುವುದೇ?

“ಆದರೆ ಮಾವು ಪಶ್ಚಿಮದ ಮೈಕ್ರೊನೇಷ್ಯಾ ದ್ವೀಪಗಳವರು, ಪಾಲಿನೇಷ್ಯಾದವರಲ್ಲ.” ಹೌದು, ಏನೀಗ? ಹವಾಯಿಯಲ್ಲಿ ಈ ವಿದ್ಯೆ ಮರೆತುಹೋಗಿತ್ತು, ಬಲ್ಲವರನ್ನು ಕರೆಸಿದರು. ನಾಲ್ಕೇ ವರ್ಷದಲ್ಲಿ, 1980ರಲ್ಲಿ, ಹವಾಯಿಯವರೇ ಆದ ನೈನೋವಾ ಥಾಂಪ್ಸನ್ ಉಪಕರಣಗಳಿಲ್ಲದೆ ತಹೀತಿಗೆ ಹೋಗಿ ವಾಪಸ್ಸೂ ಬಂದರು. ವಾಪಸ್ಸು, ಸ್ವಾಮಿ! ತೇಲಿದವನು ಮನೆಗೆ ವಾಪಸ್ಸು ತೇಲುತ್ತಾನೆಯೇ?

ಇನ್ನೂ ನಾಲ್ಕು ಕಾರಣ ಬರೆದಿಟ್ಟಿದ್ದೆ, ಹಾಳೆ ಕಾಣಿಸುತ್ತಿಲ್ಲ. ಅವು ಬೇಕಾಗಿಯೂ ಇಲ್ಲ. ತೇಲಲಿಲ್ಲ, ಅಷ್ಟೇ. ಮುಂದಿನ ವಾರ ಇಂಗ್ಲಿಷ್ ನಾವಿಕ ಕುಕ್‌ನ ಹಡಗಿನಲ್ಲಿದ್ದ ಪಾಲಿನೇಷ್ಯಾದ ನಾವಿಕ ತುಪಾಯಿಯಾನ ಕಥೆ, ಗಂಟೆಯ ಗುರುತು ಒತ್ತಿಟ್ಟುಕೊಳ್ಳಿ. ಅಲ್ಲಿಯವರೆಗೆ, ಮಹಾನುಭಾವರೇ, ಒಂದು ಜೀಗುಜ್ಜೆ ಸಸಿಯನ್ನು ಬುಟ್ಟಿಯಲ್ಲಿಟ್ಟು ಕೆರೆಗೆ ಬಿಡಿ. ಆಚೆ ದಡದಲ್ಲಿ ಅದು ತಾನೇ ಗುಂಡಿ ತೋಡಿಕೊಂಡು ನಿಂತರೆ ನನಗೆ ಬರೆದು ತಿಳಿಸಿ.